ಕರೆದರಷ್ಟೇ ಒಳಗೆ ಬರುವವರು

ಅವನ ಕಪ್ಪು ನಿಲುವಂಗಿಯ ಒಳಪದರ ಕೆಂಪು ಸ್ಯಾಟಿನ್ನಿನದು ಎಂದು ನಾನು, ಅಲ್ಲ, ಗಿಳಿಹಸಿರು ಎಂದು ಆಯಿ. ನಮ್ಮ ಟಿವಿ ಕಪ್ಪುಬಿಳುಪಿನದು. ಹಾಗಾಗಿ ಈ ವಾದ ಇನ್ನೂ ತೀರ್ಮಾನವಾಗಿಲ್ಲ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಅವನು ಎಂದರೆ, ವಾರಕ್ಕೊಮ್ಮೆ ಹಿಂದಿ ಧಾರಾವಾಹಿಯಲ್ಲಿ ಬಂದು ಜನರ ಕುತ್ತಿಗೆಗೆ ಬಾಯಿ ಹಾಕಿ ಹೋಗುತ್ತಿದ್ದ ರಕ್ತಪಿಶಾಚಿ. ಅದು ಪರದೇಶದ ಹಳೆಯ, ಹೆಸರಾದ ಕಥೆ. ಟಿವಿಯವರು ಅದನ್ನು ಹಡಗಿನಿಂದಿಳಿಸಿ, ಅವನಿಗೆ ಗುಡ್ಡದ ಮೇಲೊಂದು ಹವೇಲಿ ಕೊಟ್ಟು, ಜಹಗೀರದಾರನೆಂಬ ಪದವಿ ಕೊಟ್ಟು, ಬಾಯಿತುಂಬ ಉರ್ದು ಕೊಟ್ಟು ಕೂರಿಸಿದ್ದರು. ನಾನು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಮೂಲವನ್ನು ಓದಿದ್ದೆ. ಇದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು.

ಓದಿದವರೊಬ್ಬರು ಮನೆಯಲ್ಲಿದ್ದರೆ ಅಕ್ಷರವಿರುವ ವಸ್ತುಗಳೆಲ್ಲ ತಾವಾಗಿಯೇ ನಡೆದುಕೊಂಡು ಅವರ ಮುಂದೆ ಬಂದು ನಿಲ್ಲುತ್ತವೆ. ದ್ರಾಕ್ಷಿಗೆ ಹೊಡೆಯುವ ಔಷಧಿಯ ಡಬ್ಬಿ, ಅವ್ವನ ಕಣ್ಣಿನ ಹನಿಯ ಬಾಟಲಿ, ಮದುವೆ ಕಾರ್ಡಿನ ಹಿಂಭಾಗ, ಎಲ್ಲವನ್ನೂ ನಾನೇ ಓದಿ ಹೇಳಬೇಕು. ಅದಕ್ಕೆ ನನ್ನ ತಕರಾರಿಲ್ಲ. ಡಬ್ಬಿ ಬಾಟಲಿಗಳು ಭಾವನೆ ವ್ಯಕ್ತಪಡಿಸುವುದಿಲ್ಲ. ಆದರೆ ಧಾರಾವಾಹಿಯನ್ನು ಅನುವಾದಿಸುವುದು ಬೇರೆಯೇ ಕಷ್ಟ. ಐನಾಪುರದ ನಮ್ಮ ಓಣಿಯಲ್ಲಿ ಕನ್ನಡದಷ್ಟೇ ಮರಾಠಿಯೂ ನಡೆಯುತ್ತದೆ; ಆಯಿ ಬೈಯುವುದು ಕನ್ನಡದಲ್ಲಾದರೆ ಲೆಕ್ಕ ಹಾಕುವುದು ಮರಾಠಿಯಲ್ಲಿ. ಜಹಗೀರದಾರನ ಹಿಂದಿ ಮಾತ್ರ ಈ ಎರಡರ ನಡುವೆಯೂ ಸಿಗುವಂಥದ್ದಲ್ಲ. ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕುಳಿತರೆ, ಗೋಡೆಗೊರಗಿದ ನಾನು ಪ್ರತಿ ಮಾತನ್ನೂ ಕನ್ನಡಕ್ಕೆ ತಂದು ಒಪ್ಪಿಸಬೇಕು. ನಾಲ್ಕು ಜನರೆದುರು ನನ್ನ ಹೆಸರು ಹೇಳಿಕೊಳ್ಳಲೂ ಹಿಂಜರಿಯುವವಳಾದ ನಾನು, ಅಪ್ಪ ಅದೇ ಕೋಣೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿರುವಾಗ, 'ನಿನ್ನ ಕಂಗಳ ಮದಿರೆಯಲ್ಲಿ ಮುಳುಗಿ ಸತ್ತುಹೋಗುವಾಸೆ' ಎಂಬುದನ್ನು ಹೇಗೆ ಅನುವಾದಿಸಲಿ?

"ಆರಾಮ ಅದೀಯೇನು ಅಂತ ಕೇಳಾಕತ್ತಾನ" ಎಂದೆ.

"ಅಷ್ಟೊತ್ತನಕ ಮಾತಾಡಿದ್ದಕ್ಕ ಇಷ್ಟ ಅರ್ಥಾನ?" ಎಂದು ಆಯಿ ನನ್ನತ್ತ ತಿರುಗಿದಳು. "ನಿಮ್ಮಪ್ಪ ಅಷ್ಟ ಖರ್ಚ ಮಾಡಿ ಕಲಿಸಿದ್ದು ಇದನ್ನೇನು?"

ಹೀಗೆ ನಾನು ಪ್ರೇಮವನ್ನೆಲ್ಲ ಕ್ಷೇಮಸಮಾಚಾರವಾಗಿಸಿದ್ದರಿಂದಲೋ ಏನೋ, ಓಣಿಯ ಹೆಂಗಸರಿಗೆ ಪಿಶಾಚಿಯ ಮೇಲೆ ಕನಿಕರ ಹುಟ್ಟತೊಡಗಿತು. ಇಷ್ಟು ಸಭ್ಯಸ್ಥ, ಹೋದ ಮನೆಯಲ್ಲೆಲ್ಲ ಆರೋಗ್ಯ ವಿಚಾರಿಸುತ್ತಾನೆ. "ಪಾಪ, ಅಷ್ಟ ದೊಡ್ಡ ವಾಡೇದಾಗ ಒಬ್ಬನ ಇರ್ತಾನ. ಒಂದ ಬಿಸಿ ರೊಟ್ಟಿ ಬಡದ ಹಾಕವ್ರ ಇಲ್ಲ. ಅದಕ್ಕ ಸಿಕ್ಕದ್ದನ್ನ ಕುಡೀತಾನ" ಎಂದು ಒಬ್ಬಳೆಂದರೆ, "ಯಾವದರ ಒಂದ ಹೆಣ್ಣ ನೋಡಿ ಗಂಟ ಹಾಕಿದ್ರ ನೆಟ್ಟಗಾಗತಾನ ಬಿಡ" ಎಂದು ಇನ್ನೊಬ್ಬಳು. ಬೆಳ್ಳುಳ್ಳಿ ಕಂಡರೆ ಅವನು ದೂರ ಸರಿಯುತ್ತಾನೆಂದು ತಿಳಿದಾಗಲಂತೂ ಎಲ್ಲರೂ ನಕ್ಕುಬಿಟ್ಟರು. ಮೂರು ಹೊತ್ತೂ ಬಳ್ಳೊಳ್ಳಿ ಖಾರ ಹಚ್ಚಿಕೊಂಡು ರೊಟ್ಟಿ ತಿನ್ನುವ ಸೀಮೆಗೆ ಬಂದರೆ ಅವನು ಉಪವಾಸ ಬಿದ್ದೇ ಸಾಯಬೇಕು. ಆಯಿಗೆ ಚಿಂತೆಯಾದದ್ದು ಪಕ್ಕದ ಮನೆಯ ಪದ್ಮವ್ವನದು. ಪದ್ಮವ್ವ ಜೈನರಾಕೆ, ಬೆಳ್ಳುಳ್ಳಿ ಮುಟ್ಟುವವಳಲ್ಲ. "ತಿನಬ್ಯಾಡವಾ, ಬಾಗಲಾ ಹೊರಗ ಕಟ್ಟರ ಕಟ್ಟು" ಎಂದು ಆಯಿ ಒಂದು ಜುಟ್ಟು ಬೆಳ್ಳುಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ದಳು. ಪದ್ಮವ್ವ ಬಲು ಮರ್ಯಾದೆಯಿಂದ ಅದನ್ನು ಹಿಂದಿರುಗಿಸಿದಳು. "ಹೊತ್ತ ಮುಣಗಿದ ಮ್ಯಾಲ ನಾನ ಒಂದ ತುತ್ತ ತಿನ್ನಾಂಗಿಲ್ಲ. ನಮ್ಮ ಮನ್ಯಾಗ ಅವಗ ಉಣ್ಣಾಕ ಯಾರ ಬಿಡ್ತಾರ?"

ಹೀಗೆ ನಗುನಗುತ್ತಲೇ ಇದ್ದೆವು, ಹೊಸ್ತಿಲಿನ ಕಂತು ಬರುವ ತನಕ. ಆ ವಾರ ಜಹಗೀರದಾರ ಒಂದು ಮನೆಯ ಬಾಗಿಲಲ್ಲಿ ನಿಂತ. ಬಾಗಿಲು ತೆರೆದೇ ಇದೆ. ಆದರೂ ಅವನು ಒಳಗೆ ಕಾಲಿಡುವುದಿಲ್ಲ. ಮಾತಾಡುತ್ತಾನೆ, ನಗುತ್ತಾನೆ, ಹೊಸ್ತಿಲನ್ನೇ ನೋಡುತ್ತಾನೆ. ಕೊನೆಗೆ ಮನೆಯ ಹುಡುಗಿ ಪಾಪವೆಂದು "ಒಳಗೆ ಬನ್ನಿ" ಎನ್ನುತ್ತಾಳೆ. ಅಷ್ಟೇ, ಸಂಗೀತ ಜೋರಾಯಿತು. ಆಯಿ ನನ್ನ ಮೊಣಕೈ ಹಿಡಿದು, ಏನಾಯಿತು ಎಂದಳು. ನನ್ನ ದೌರ್ಬಲ್ಯವೆಂದರೆ ಕರಾರುವಾಕ್ಕುತನ. ಗೊತ್ತಿರುವುದನ್ನು ಅರ್ಧಕ್ಕೆ ಬಿಡಲು ನನ್ನಿಂದಾಗದು. ಮನೆಯವರು ಬಾಯಿಬಿಟ್ಟು ಕರೆಯದ ಹೊರತು ಅವನು ಹೊಸ್ತಿಲು ದಾಟಲಾರ, ಒಮ್ಮೆ ಕರೆದರೆ ಆಮೇಲೆ ತಡೆಯಲಾಗದು, ಸೂರ್ಯ ಮುಳುಗಿದ ಮೇಲೆಯೇ ಬರುವುದು, ಗುರುತಿನವರ ರೂಪದಲ್ಲಿಯೂ ಬರಬಹುದು ಎಂದು ಪಾಠ ಮಾಡಿದಂತೆ ಬಿಡಿಸಿ ಹೇಳಿದೆ.

"ಕುಂಡ್ರಿ ಅಂದ್ರ?" ಎಂದು ಆಯಿ ಕೇಳಿದಳು.

"ಕುಂಡ್ರಿ ಅಂದ್ರ ನಡೀತೈತಿ. ಒಳಗ ಬರ್ರಿ ಅನಬಾರ್ದು."

ಆಯಿ ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಅರ್ಥ ನನಗೆ ಆಗ ತಿಳಿಯಲಿಲ್ಲ. ಒಳಕೋಣೆಯಲ್ಲಿ ತೊಟ್ಟಿಲಿತ್ತು, ತೊಟ್ಟಿಲಲ್ಲಿ ಅಕ್ಕನ ಕೂಸಿತ್ತು.

ಈಗ ಅಕ್ಕನ ವಿಷಯ ಹೇಳಬೇಕು. ಅಕ್ಕನನ್ನು ಕೊಟ್ಟದ್ದು ಮುಗಳಖೋಡಕ್ಕೆ. ಮೊದಲ ಬಾಣಂತನಕ್ಕೆಂದು ತವರಿಗೆ ಬಂದವಳು, ಕೂಸು ಮಗ್ಗುಲಾಗಿ, ಬೋರಲಾಗಿ, ಅಂಬೆಗಾಲಿಡಲು ಹವಣಿಸುತ್ತಿದ್ದರೂ ಇನ್ನೂ ನಮ್ಮಲ್ಲೇ ಇದ್ದಳು. ಕಾರಣ, ಬೀಗರ ಸಿಟ್ಟು. ತೊಟ್ಟಿಲಿಗೆ ಹಾಕುವ ದಿನಕ್ಕೆ ಕರೆಯಲು ಅಪ್ಪನೇ ಹೋಗಬೇಕಿತ್ತು. ತೋಟದಲ್ಲಿ ದ್ರಾಕ್ಷಿ ಕಟಾವು ನಡೆದಿತ್ತಾದ್ದರಿಂದ ತಮ್ಮನನ್ನು, ನಮ್ಮ ಕಾಕಾನನ್ನು, ಕಳಿಸಿದರು. ಕಾಕಾ ಮೋಟಾರ್ ಸೈಕಲ್ಲಿನಿಂದ ಇಳಿಯದೆ, ಎಂಜಿನ್ನೂ ನಿಲ್ಲಿಸದೆ, "ಐತವಾರ ತೊಟ್ಟಲಾ ಐತ್ರಿ, ಬಂದ ಬಿಡ್ರಿ" ಎಂದು ಕೂಗಿ ಬಂದ. ಅಕ್ಕನ ಅತ್ತೆ ಕಾಶವ್ವ, "ಗಾಡಿ ಮ್ಯಾಲಿಂದ ಕರಿಯಾಕ ನಾವೇನ ಕಬ್ಬ ಕಡಿಯಾಕ ಬರೋ ಟೋಳಿಯವ್ರ?" ಎಂದರಂತೆ. ಬರಲಿಲ್ಲ. ಅಕ್ಕನ ಗಂಡ, ನಾವು ದಾಜಿ ಎಂದು ಕರೆಯುವವರು, ಒಮ್ಮೆ ಕದ್ದು ಬಂದು ನಮ್ಮ ತೋಟದ ಬದುವಿನಲ್ಲಿ ನಿಂತು ಕೂಸನ್ನು ನೋಡಿ, ತಾಯಿಗೆ ತಿಳಿದೀತೆಂದು ನೀರೂ ಕುಡಿಯದೆ ಹೋದರು. ಆ ದಿನ ಅಕ್ಕ ಸಂಜೆಯವರೆಗೂ ಒಂದೇ ಲಂಗೋಟಿಯನ್ನು ಮಡಿಸಿ ಬಿಚ್ಚಿ ಮಡಿಸುತ್ತ ಕುಳಿತಿದ್ದಳು. ಕೊನೆಗೆ ಅಪ್ಪನೇ ಮುಗಳಖೋಡಕ್ಕೆ ಹೋಗಿ, ತಪ್ಪಾಯಿತೆಂದು ಕೈಮುಗಿದು, ಸೊಸೆಯನ್ನು ಕರೆದೊಯ್ಯಲು ಬರಬೇಕೆಂದು ಕೇಳಿಕೊಂಡು ಬಂದರು. "ಬರ್ತೀವಿ. ಆದ್ರ ಯಾವಾಗ ಅಂತ ಹೇಳಾಂಗಿಲ್ಲ" ಎಂಬ ಉತ್ತರ ಸಿಕ್ಕಿತು. ಅಂದಿನಿಂದ ಅಕ್ಕ ಯಾವ ಬಸ್ಸಿನ ಸದ್ದಾದರೂ ತಲೆ ಬಾಚಿಕೊಳ್ಳುತ್ತಿದ್ದಳು.

ನಮ್ಮ ಕಡೆ ಕರೆಯುವುದೆಂದರೆ ಉಸಿರಾಡಿದಷ್ಟು ಸಹಜ. ಬಳೆ ಮಾರುವವಳು, ಹಾಲಿನವನು, ವಿಳಾಸ ಕೇಳಲು ನಿಂತವನು, ಎಲ್ಲರಿಗೂ "ಬರ್ರಿ, ಒಳಗ ಬರ್ರಿ, ಚಾ ಕುಡದ ಹೋಗ್ರಿ" ಎಂಬ ಮಾತು ಯೋಚಿಸುವ ಮೊದಲೇ ಬಾಯಿಂದ ಬಂದಿರುತ್ತದೆ. ಅವರೂ ಕರೆಯುವುದನ್ನು ಕಾಯುವುದಿಲ್ಲ. ನಾವು 'ಬರ್ರಿ' ಎನ್ನುವಷ್ಟರಲ್ಲಿ ಬಂದು ಕುಳಿತಿರುತ್ತಾರೆ. ಬಾಗಿಲು ತೆರೆದಿದ್ದರೂ, ಮನೆಯವರು ಬಾಯಿಬಿಟ್ಟು ಕರೆಯುವ ತನಕ ಹೊಸ್ತಿಲಾಚೆಯೇ ನಿಲ್ಲುವವರು ನಾನು ಕಂಡಂತೆ ಎರಡೇ ಜಾತಿ. ಒಂದು, ಆ ಪಿಶಾಚಿ. ಇನ್ನೊಂದು, ಸಿಟ್ಟಾದ ಬೀಗರು.

ಅವರು ಬಂದದ್ದು ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೆ. ಅಪ್ಪ ತೋಟದಿಂದ ಇನ್ನೂ ಬಂದಿರಲಿಲ್ಲ. ಅವ್ವ ಒಲೆಯ ಮುಂದಿದ್ದಳು. ಕರೆಂಟು ಹೋಗಿತ್ತು. ಆಯಿ ಬಾಗಿಲ ಬಳಿ ಕಂದೀಲು ಇಟ್ಟುಕೊಂಡು ಕುಳಿತಿದ್ದಳು; ಒಳಗೆ ನಾನು ಚಿಮಣಿಯ ಬೆಳಕಿನಲ್ಲಿ, ನಾನು ಪಾಠ ಹೇಳುವ ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹೆಜ್ಜೆ ಸಪ್ಪಳ ಕೇಳಿ ಆಯಿ ಕಂದೀಲು ಎತ್ತಿ ಹಿಡಿದಳು. ಕಿಟಕಿಯಿಂದ ನನಗೂ ಕಂಡಿತು. ಕಾಶವ್ವ ಹಿಂದೆ. ಮುಂದೆ ಅಕ್ಕನ ಮಾವ ಸಿದರಾಯಪ್ಪ, ಎತ್ತರದ ಆಳು, ಚಳಿಗೆಂದು ಕರಿ ಕಂಬಳಿಯನ್ನು ಹೆಗಲಿನಿಂದ ಹಿಮ್ಮಡಿಯವರೆಗೆ ಹೊದ್ದಿದ್ದರು. ಮದುವೆಯಲ್ಲಿ ಅವರು ಬಾಯಲ್ಲಿ ಒಂದೇ ಒಂದು ಹಲ್ಲೂ ಇಲ್ಲದ, ನಕ್ಕರೆ ಮಗುವಿನಂತೆ ಕಾಣುವ ಮನುಷ್ಯರಾಗಿದ್ದರು. ಈಗ ಕಂದೀಲಿನ ಬೆಳಕಿಗೆ ನಕ್ಕರು. ಬಾಯಿತುಂಬ, ಮೇಲೆ ಕೆಳಗೆ, ಫಳಫಳ ಹಲ್ಲು. ತುಟಿಯಂಚಿನಲ್ಲಿ ಕುಟ್ಟಿದ ಎಲೆ ಅಡಿಕೆಯ ಕೆಂಪು ಇಳಿದಿತ್ತು. ನಿಜ ಹೇಳಬೇಕೆಂದರೆ, ಇಂಗ್ಲಿಷ್ ಎಂ.ಎ. ಆಗಿದ್ದೂ ನನ್ನ ಕೈಯಿಂದ ಪೆನ್ನು ಬಿತ್ತು.

"ಯಾರ್ರೀ?" ಎಂದಳು ಆಯಿ. ದನಿ ಸಣ್ಣದಾಗಿತ್ತು.

"ನಾವ್ರೀ, ಮುಗಳಖೋಡದವ್ರು."

"ಹಲ್ಲ ಯಾವಾಗ ಬಂದೂ?"

"ಮೊನ್ನೆ ಮಿರಜದಾಗ ಕೂಡ್ರಿಸ್ಕೊಂಡ ಬಂದ್ನಿರಿ" ಎಂದು ಬೀಗರು ಅಭಿಮಾನದಿಂದ ಇನ್ನಷ್ಟು ನಕ್ಕರು. ಅದು ಪರಿಸ್ಥಿತಿಯನ್ನು ಸುಧಾರಿಸಲಿಲ್ಲ.

ಆಯಿ ಎದ್ದು ಬಾಗಿಲಿಗೆ ಅಡ್ಡಲಾಗಿ ನಿಂತಳು. ಆದರೆ ಅವಳು ಮರ್ಯಾದೆ ಬಿಟ್ಟವಳಲ್ಲ. ಕಾಲಿಗೆ ನೀರು ಕೊಟ್ಟಳು. ಕಟ್ಟೆಯ ಮೇಲೆ ಜಮಖಾನ ಹಾಸಿದಳು. ಬೆಲ್ಲ, ನೀರು ಇಟ್ಟಳು. "ಕುಂಡ್ರಿ" ಎಂದಳು. ಮಳೆ ಕೇಳಿದಳು, ಬೆಳೆ ಕೇಳಿದಳು, ಅವರ ಎಮ್ಮೆ ಈದಿತೇ ಎಂದು ಕೇಳಿದಳು. ಕಾಶವ್ವ ಕುಳಿತುಕೊಳ್ಳಲಿಲ್ಲ. ಕೈಯಲ್ಲಿ ಕೂಸಿಗೆ ತಂದ ಕುಲಾವಿ, ಅಂಗಿಯ ಗಂಟು ಹಿಡಿದುಕೊಂಡು ಆ ಒಂದು ಮಾತಿಗಾಗಿ ಕಾಯುತ್ತ ನಿಂತಿದ್ದರು. ಆಯಿ ಆ ಒಂದು ಮಾತನ್ನು ಬಿಟ್ಟು ಲೋಕದ ಎಲ್ಲ ಮಾತನ್ನೂ ಆಡುತ್ತಿದ್ದಳು.

"ಬೆಲ್ಲಾ ತಗೋರಿ" ಎಂದಳು ಬೀಗರಿಗೆ.

"ಬ್ಯಾಡ್ರೀ. ಈಗ ನಾ ಏನೂ ತಿನ್ನಾಂಗಿಲ್ಲ. ಒಸಡ ನೋಯ್ತಾವು. ಬರೇ ಕುಡಿಯೂದ."

ಆಯಿ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಓಡಿಹೋಗಿ ಅವಳ ಕಿವಿಯಲ್ಲಿ, "ಆಯಿ, ಬೀಗರು ಅವ್ರು. ಒಳಗ ಕರಿ. ಟಿವ್ಯಾಗಿಂದು ಬರೇ ಕತಿ" ಎಂದೆ.

"ಕತಿ ಅಂತ ನನಗೂ ಗೊತ್ತೈತಿ" ಎಂದು ಆಯಿ ಅಷ್ಟೇ ಮೆಲ್ಲಗೆ ಹೇಳಿದಳು. "ಕೂಸು ಕತಿ ಅಲ್ಲಲ್ಲ."

ಬಾಗಿಲಿಗೆ ಅಡ್ಡಲಾಗಿ ಕೈಚಾಚಿ ಚೌಕಟ್ಟು ಹಿಡಿದಳು. ನಗಬೇಕೆಂದಿದ್ದ ನನಗೆ ನಗು ಬರಲಿಲ್ಲ. ಈ ಆಯಿ ಹೆತ್ತವರಲ್ಲಿ ಬದುಕಿ ಉಳಿದವರು ಅಪ್ಪ, ಕಾಕಾ ಇಬ್ಬರೇ. ಉಳಿದವರ ಹೆಸರನ್ನು ಅವಳು ಎಂದೂ ಹೇಳುವುದಿಲ್ಲ. ತೊಟ್ಟಿಲಿರುವ ಮನೆಯ ಬಾಗಿಲನ್ನು ಕಾಯುವುದು ಅವಳಿಗೆ ಟಿವಿ ಕಲಿಸಿದ ವಿದ್ಯೆಯಲ್ಲ.

ಸರಿ, ನಾನೇ ಕರೆದರಾಯಿತೆಂದು ಮುಂದೆ ಬಂದು, "ಒಳಗ ಬರ್ರಿ" ಎಂದೆ. ನನ್ನ ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ಯಾರನ್ನೂ ಕರೆದವಳಲ್ಲ. ಕಾಶವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸಣ್ಣ ಹುಡುಗಿ ಕರದ್ರ ಬರಾಕ ನಾವೇನ ನಿನ್ನ ಗೆಳತ್ಯಾರೇನವಾ? ಹ್ವಾದ ಸರ್ತಿ ಗಾಡಿ ಮ್ಯಾಲಿಂದ ಕರದ್ರು, ಈ ಸರ್ತಿ ಕರ್ಯಾಕ ಬಾಯಿನ ಇಲ್ಲ. ನಡೀರಿ, ಕುಡಚಿ ಬಸ್ ಇನ್ನೂ ನಿಂತೈತಿ."

ಪಿಶಾಚಿಯ ನಿಯಮದಂತೆ ಮನೆಯವರು ಯಾರು ಕರೆದರೂ ಸಾಕು. ಬೀಗರ ನಿಯಮ ಅದಕ್ಕಿಂತ ಬಿಗಿಯಾದದ್ದು. ಸಿದರಾಯಪ್ಪ ಎದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಹೊಸ ಹಲ್ಲು ತೋರಿಸಲು ಬಂದು ಮೊಮ್ಮಗನನ್ನೂ ನೋಡದೆ ಹೋಗುವ ಪೆಚ್ಚುತನವಿತ್ತು. ಕಾಶವ್ವ ಗಂಟನ್ನು ಕಟ್ಟೆಯ ಮೇಲಿಟ್ಟು ತಿರುಗಿದರು. ಈ ಸಲ ಹೋದರೆ ಅವರು ಮತ್ತೆ ಬರುವವರಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಗ ನನ್ನ ಹಿಂದಿನಿಂದ ಅಕ್ಕ ಬಂದಳು. ಸೊಂಟದ ಮೇಲೆ ಕೂಸು, ತಲೆ ಬಾಚಿಕೊಂಡಿರಲಿಲ್ಲ. ಅತ್ತೆ ಮಾವನ ಮುಂದೆ ಸೆರಗು ಸರಿಮಾಡದೆ ನಿಂತವಳಲ್ಲ ಅವಳು. ಆಯಿಯ ತೋಳಿನ ಕೆಳಗೆ ಬಗ್ಗಿ, ಹೊಸ್ತಿಲು ದಾಟಿ ಕಟ್ಟೆಗಿಳಿದಳು.

"ಅವ್ರನ್ನ ಒಳಗ ಕರಿಯೂದು ಬಿಡೂದು ನಿನಗ ಬಿಟ್ಟದ್ದು ಆಯಿ. ನಾನರ ಹೊರಗ ಬಂದ್ನಿ" ಎಂದು ಹೇಳಿ ಕೂಸನ್ನು ಮಾವನ ಕೈಗೆ ಕೊಟ್ಟಳು. "ನೋಡ್ರಿ ಮಾವ, ನಿಮ್ಮಂಗ ಐತಿ."

ಆಯಿ "ಎವ್ವಾ!" ಎಂದು ಎದೆ ಹಿಡಿದುಕೊಂಡಳು. ಸಿದರಾಯಪ್ಪ ಕೂಸನ್ನು ಎತ್ತಿಕೊಂಡು, ಏನು ಮಾಡಬೇಕೆಂದು ತಿಳಿಯದೆ, ನಕ್ಕರು. ಹೊಳೆಯುವುದನ್ನು ಕಂಡರೆ ಕೈ ಹಾಕುವ ವಯಸ್ಸು ಅದರದು. ಬಾಯೊಳಗೆ ಕೈ ಹಾಕಿ ಎಳೆಯಿತು. ಕೆಳಗಿನ ಸಾಲು ಹಲ್ಲು ಅದರ ಮುಷ್ಟಿಯಲ್ಲಿ ಬಂತು. ಮಾವ "ಅಲಲಲ" ಎನ್ನುವಷ್ಟರಲ್ಲಿ ಮೇಲಿನದೂ ಸಡಿಲಾಗಿ ಅಂಗೈಗೆ ಬಂತು. ಹಲ್ಲೆಲ್ಲ ಹೋದ ಮೇಲೆ ಉಳಿದದ್ದು, ಮದುವೆಯಲ್ಲಿ ನಾವೆಲ್ಲ ಕಂಡಿದ್ದ, ಕೆನ್ನೆ ಒಳಗೆ ಹೋದ, ಮಗುವಿನಂಥ ಮುಖ. ಆ ಮುಖವನ್ನು ನೋಡಿ ಕೂಸು ಕೇಕೆ ಹಾಕಿತು. ಅದರ ಬಾಯಲ್ಲೂ ಹಲ್ಲಿರಲಿಲ್ಲ. ಅಕ್ಕ ಹೇಳಿದ್ದು ಸುಳ್ಳಲ್ಲ, ಥೇಟ್ ಹಾಗೆಯೇ ಇತ್ತು.

ಆಯಿ ಕಂದೀಲನ್ನು ಅವರ ಮೂಗಿನ ತನಕ ಒಯ್ದು ನೋಡಿದಳು.

"ಅಯ್ಯ, ನಮ್ಮ ಬೀಗರ ಖರೆ! ಬರ್ರಿ, ಒಳಗ ಬರ್ರಿ. ಕಾಶವ್ವಾ, ಹೊರಗ ಯಾಕ ನಿಂತೀರಿ, ಬರ್ರಿ ಅಂತೀನಿ!" ಎಂದು ಕಾಶವ್ವನ ಎರಡೂ ಕೈ ಹಿಡಿದು, ಎಳೆದು ಒಳಗೆ ಕರೆದುಕೊಂಡಳು. ಒಂದೇ ಉಸಿರಿನಲ್ಲಿ ಹತ್ತು ಸಲ ಕರೆದಳು. ಅಷ್ಟು ಹೊತ್ತು ತಡೆದಿಟ್ಟುಕೊಂಡದ್ದೆಲ್ಲ ಒಮ್ಮೆಗೇ ಬಂದಂತಿತ್ತು. ಹಿರಿಯರು ಕೈಹಿಡಿದು ಕರೆದ ಮೇಲೆ ಕಾಶವ್ವನ ಸಿಟ್ಟು ನಿಲ್ಲಲು ಜಾಗವಿರಲಿಲ್ಲ. ಅವ್ವ ಓಡಿಬಂದು ಕುಂಕುಮ ಹಚ್ಚಿದಳು. ಅಕ್ಕ ಒಳಗೆ ಹೋಗಿ ತಲೆ ಬಾಚಿಕೊಂಡಳು.

ಊಟದ ಹೊತ್ತಿಗೆ ಅಪ್ಪನೂ ಬಂದರು, ಕಥೆಯೆಲ್ಲ ಹೊರಬಿತ್ತು. ಮುಗಳಖೋಡದಲ್ಲೂ ಅದೇ ಧಾರಾವಾಹಿ ನೋಡುತ್ತಾರಂತೆ. ಬಿಡಿಸಿ ಹೇಳುವವರಿಲ್ಲದ್ದರಿಂದ ಕಾಶವ್ವ ಜಹಗೀರದಾರನನ್ನು ಈವರೆಗೂ ಹಲ್ಲಿನ ಡಾಕ್ಟರೆಂದು ತಿಳಿದಿದ್ದರು. "ಎಲ್ಲಾರ ಬಾಯಿ ಸನೇ ಮುಖಾ ಒಯ್ದ ನೋಡತಾನಲ್ಲ, ಅದಕ್ಕ" ಎಂದರು. ಆಮೇಲೆ, "ಕರೀಬಾರ್ದು ಅನ್ನೂದನ್ನ ನಿಮಗ ಯಾರ ಹೇಳಿದ್ರಿ?" ಎಂದು ಕೇಳಿದರು. ಆಯಿ ರೊಟ್ಟಿ ಮುರಿಯುತ್ತಲೇ ಗದ್ದವನ್ನು ನನ್ನತ್ತ ಎತ್ತಿದಳು. ಎಲ್ಲರೂ ನನ್ನನ್ನು ನೋಡಿದರು. ಹೀಗೆ ಎಲ್ಲರೂ ನೋಡಬಾರದೆಂದೇ ನಾನು ಮೂಲೆಯಲ್ಲಿ ಕುಳಿತುಕೊಳ್ಳುವುದು.

ಅಷ್ಟರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಕೂಸು ಕೆಳಗಿನ ಸಾಲನ್ನು ಕಲ್ಲುಕಟ್ಟೆಯ ಮೇಲೆ ಎಸೆದಿತ್ತು. ಮುಂದಿನ ಎರಡು ಹಲ್ಲು ಕಿತ್ತುಬಂದಿದ್ದವು. "ಇರ್ಲಿ ಬಿಡ್ರಿ" ಎಂದು ಸಿದರಾಯಪ್ಪ ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಹೇಳಿದರು. ಕಾಶವ್ವ ಬಿಡಲಿಲ್ಲ. "ಕೂಸನ ಕರ್ಕೊಂಡ ಊರಾಗ ಇಳದ್ರ ಇಡೀ ಓಣಿ ನೋಡಾಕ ಬರ್ತೈತಿ. ಹೊಸಾ ಹಲ್ಲ ಹಾಕ್ಕೊಂಡ ಹ್ವಾದಾವ್ರು ಬೀಗರ ಮನ್ಯಾಗ ಕಳಕೊಂಡ ಬಂದ್ರಂತ ಅನಸ್ಕೊಳ್ಳೂದೇನು? ಹಲ್ಲ ನೆಟ್ಟಗಾಗೂ ತನಕ ಹೊಂಡಾಂಗಿಲ್ಲ." ಅಕ್ಕನ ಮುಖ ಮತ್ತೆ ಸಪ್ಪಗಾಯಿತು. ಮರುದಿನ ಅಪ್ಪನಿಗೆ ತೋಟದಲ್ಲಿ ಆಳುಗಳು ಬರುವವರಿದ್ದರು. ಕಾಕಾನನ್ನು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ.

"ಕತಿ ಹೇಳಿದಾಕೀನ ಹೋಗಿ ಬರ್ಲಿ" ಎಂದಳು ಆಯಿ.

ಮರುದಿನ ಬೆಳಿಗ್ಗೆ ನಾನು 'ಅನಿವಾರ್ಯ ಕೌಟುಂಬಿಕ ಕಾರಣ'ವೆಂದು ಕಾಲೇಜಿಗೆ ರಜೆ ಹೇಳಿಕಳಿಸಿ, ಹಲ್ಲಿನ ಸಾಲನ್ನೂ ಕಿತ್ತುಬಂದ ಎರಡು ಹಲ್ಲುಗಳನ್ನೂ ಕರವಸ್ತ್ರದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಮಿರಜದ ಮೊದಲ ಬಸ್ಸು ಹತ್ತಿದೆ. ಡಬ್ಬಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಕಾಗವಾಡ ದಾಟುವ ತನಕ ಪಕ್ಕದ ಹೆಂಗಸು ಅದನ್ನೇ ನೋಡುತ್ತಿದ್ದಳು. ಕೊನೆಗೆ, "ಭಾಳ ಜ್ವಾಕಿ ಹಿಡದೀರಿ. ಊಟಕ್ಕ ಏನ್ ಕಟಗೊಂಡ ಹೊಂಟೀರಿ?" ಎಂದು ಕೇಳಿದಳು. ಹೇಳಿದೆನಲ್ಲ, ಗೊತ್ತಿರುವುದನ್ನು ಅರ್ಧಕ್ಕೆ ಬಿಡಲು ನನ್ನಿಂದಾಗದು. "ಊಟ ಅಲ್ರಿ, ಹಲ್ಲು" ಎಂದು ಹೇಳಿ, ಮರ್ಯಾದೆಗೆಂದು ಸ್ವಲ್ಪ ನಕ್ಕೆ. ಆಕೆ ನನ್ನ ಬಾಯನ್ನೊಮ್ಮೆ ನೋಡಿದಳು, ಡಬ್ಬಿಯನ್ನೊಮ್ಮೆ ನೋಡಿದಳು. ಎದ್ದು, ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದ್ದುಕೊಂಡು, ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕುಳಿತಳು.